ಬೋಟ್ ಆಮೇಲೆ, ಮೊದ್ಲು ದಡ ನೋಡಿ

ಹೋದ ಸಲ ರೋಯಿಂಗ್, ಅಂದ್ರೆ ಹುಟ್ಟು ಹಾಕಿ ಬೋಟ್ ಓಡಿಸೋ ಆಟದ ಬಗ್ಗೆ ಬಂದ ಒಂದು ಪ್ರಶ್ನೆಗೆ ನಾಲ್ಕೇ ನಾಲ್ಕು ಸಾಲು ಬರೆದು ಕೈ ತೊಳ್ಕೊಂಡಿದ್ದೆ, ಈ ಸಲ ಸರಿಯಾಗಿ ಸಿಕ್ಕಾಕ್ಕೊಂಡೆ. ಬಂದಿರೋ ಪತ್ರ, ಮೆಸೇಜಲ್ಲಿ ಅರ್ಧಕ್ಕರ್ಧ ಅದೇ ವಿಷಯ, ಹೆಚ್ಚಿನವು 13ರಿಂದ 17ರ ಒಳಗಿನ ಮಕ್ಕಳ ಅಪ್ಪ ಅಮ್ಮಂದಿರದ್ದು, ಕೆಲವಂತೂ ಮಕ್ಕಳೇ ಬರೆದಿರೋದು. ಹಾಗಾಗಿ ಈ ಕಂತು ಪೂರ್ತಿ ರೋಯಿಂಗ್‌ಗೇ ಮೀಸಲು. ಬೇರೆ ಪ್ರಶ್ನೆ ಕಳ್ಸಿದವರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಲ ನಿಮ್ಮ ಪಾಳಿ.

ಪ್ರಶ್ನೆ: ಮಗಳಿಗೆ 14 ವರ್ಷ. ಟಿವಿಲಿ ಒಲಿಂಪಿಕ್ಸ್ ನೋಡಿದಾಗಿಂದ ರೋಯಿಂಗ್ ರೋಯಿಂಗ್ ಅಂತ ತಲೆ ತಿಂತಿದಾಳೆ. ನಮ್ಮನೇಲಿ ಯಾರಿಗೂ ಇದರ ಗಂಧಗಾಳಿ ಇಲ್ಲ. ಒಂದೆರಡು ಕ್ಲಬ್ಬಿನ ಫೋಟೋ ನೋಡಿದ್ವಿ, ಎಲ್ಲ ಚೆನ್ನಾಗೇ ಕಾಣ್ತವೆ. ಹೊಸಬರಿಗೆ ಸರಿಯಾಗಿ ಕಲಿಸೋ ಜಾಗ ಯಾವ್ದು ಅಂತ ಕಂಡುಹಿಡಿಯೋದು ಹೇಗೆ?

ಉತ್ತರ: ಮೇಡಂ, ಫೋಟೋದಲ್ಲಿ ಎಲ್ಲ ಕ್ಲಬ್ಬೂ ಚೆನ್ನಾಗೇ ಇರತ್ತೆ. ಬೆಳಗಿನ ಮಂಜು, ಕನ್ನಡಿ ಥರ ನೀರು, ಅದರ ಮೇಲೆ ಉದ್ದಕ್ಕೆ ಒಂದು ಬೋಟು, ನೋಡಿದ ಯಾರಿಗಾದ್ರೂ ಆಸೆ ಹುಟ್ಟತ್ತೆ. ಅದನ್ನ ನಂಬಿ ಫಾರ್ಮ್ ತುಂಬಿಸ್ಬೇಡಿ ಅಷ್ಟೇ.

ಮೊದ್ಲು ಹುಡುಕೋ ದಾರಿ ಹೇಳ್ತೀನಿ. ಈ ಆಟ ಇರೋ ದೇಶಗಳಲ್ಲೆಲ್ಲ ಒಂದು ರಾಷ್ಟ್ರೀಯ ಫೆಡರೇಶನ್ ಇರತ್ತೆ, ಇವೆಲ್ಲ ವರ್ಲ್ಡ್ ರೋಯಿಂಗ್ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆ ಅಡಿ ಬರತ್ತೆ, 1892ರಲ್ಲಿ ಶುರುವಾದ ಸಂಸ್ಥೆ ಅದು, ಈಗ 150ಕ್ಕೂ ಹೆಚ್ಚು ದೇಶದ ಫೆಡರೇಶನ್‌ಗಳಿದಾವೆ ಅದ್ರಲ್ಲಿ. ಫೆಡರೇಶನ್‌ನವ್ರನ್ನ ಕೇಳಿದ್ರೆ ಅವರ ಲೆಕ್ಕದಲ್ಲಿರೋ ಕ್ಲಬ್ಬುಗಳ ಹೆಸರು ಸಿಗತ್ತೆ, ಅದ್ರಲ್ಲಿ ನಿಮಗೆ ಹತ್ರ ಯಾವ್ದಿದೆ ನೋಡಿ. ಸ್ವಂತ ಬೋಟ್‌ಹೌಸ್ ಇರೋ ಶಾಲೆ ಕಾಲೇಜುಗಳು ಎಷ್ಟೋ ಸಲ ರಜದಲ್ಲಿ ಹೊರಗಿನ ಮಕ್ಕಳನ್ನೂ ತಗೋತಾರೆ, ಅದನ್ನೂ ವಿಚಾರಿಸಿ. ಫೋನ್ ಮಾಡಿದಾಗ ಮಾತ್ರ "ರೋಯಿಂಗ್ ಕಲಿಸ್ತೀರಾ" ಅಂತ ಕೇಳ್ಬೇಡಿ, ಯಾರಾದ್ರೂ ಇಲ್ಲ ಅಂತಾರಾ? "ಜೂನಿಯರ್ ನಾವಿಸ್‌ಗಳಿಗೆ ಬೇರೆ ಬ್ಯಾಚ್ ಇದೆಯಾ, ಮುಂದಿನ ಲರ್ನ್ ಟು ರೋ ಕೋರ್ಸ್ ಯಾವಾಗ" ಅಂತ ಕೇಳಿ. ನಾವಿಸ್ ಅಂದ್ರೆ ಈ ಆಟದಲ್ಲಿ ಹೊಸಬರು. "ಬೇರೆ ಬ್ಯಾಚ್ ಏನಿಲ್ಲ, ಟೀಮ್ ಮಕ್ಕಳ ಜೊತೆ ಬಿಡ್ತೀವಿ, ನೋಡ್ತಾ ನೋಡ್ತಾ ಕಲೀತಾರೆ" ಅಂದ್ರೆ ಅಲ್ಲಿಗೇ ಥ್ಯಾಂಕ್ಸ್ ಹೇಳಿ ಫೋನ್ ಇಟ್ಬಿಡಿ. ರೇಸ್‌ಗೆ ತಯಾರಾಗ್ತಿರೋ ಮಕ್ಕಳ ಮಧ್ಯೆ ಹೊಸ ಮಗು ಅಂದ್ರೆ ಎಲ್ರಿಗೂ ಕಾಟ, ಮಗೂಗೆ ಎಲ್ರಿಗಿಂತ ಜಾಸ್ತಿ.

ಆಮೇಲೆ ಒಂದು ಮಾಮೂಲಿ ದಿನ, ಓಪನ್ ಡೇ ಅಂತ ಬ್ಯಾನರ್ ಕಟ್ಟಿದ ದಿನ ಅಲ್ಲ, ಒಂದು ವಾರದ ದಿನ ಬೆಳಗ್ಗೆ ಹೇಳಿ ಕೇಳಿ ಹೋಗಿ ದಡದಲ್ಲಿ ಒಂದು ಗಂಟೆ ನಿಂತ್ಕೊಳ್ಳಿ. ಬೋಟ್ ಕಡೆ ನೋಡ್ಬೇಡಿ, ಅದು ಹೊಳೀತಿರತ್ತೆ ಬಿಡಿ. ಹೊಸ ಮಕ್ಕಳ ಬೋಟ್ ಪಕ್ಕದಲ್ಲಿ ಕೋಚ್ ಒಂದು ಮೋಟರ್ ಬೋಟಲ್ಲಿ ಹೋಗ್ತಿದಾರಾ? ಇದನ್ನ ಲಾಂಚ್ ಅಂತಾರೆ. ಅದ್ರಲ್ಲಿ ಬೋಟಲ್ಲಿರೋ ಮಕ್ಕಳಿಗೆಲ್ಲ ಆಗೋವಷ್ಟು ಲೈಫ್ ಜಾಕೆಟ್, ಎಸೆಯೋ ಹಗ್ಗ, ಫಸ್ಟ್ ಏಡ್ ಡಬ್ಬ ಇದೆಯಾ? ಓಡಿಸೋರ ಮೈಗೆ ಎಂಜಿನ್ನಿಂದ ಒಂದು ಕೆಂಪು ಸುರುಳಿ ದಾರ ಸಿಗಿಸಿರ್ಬೇಕು, ಅವರು ನೀರಿಗೆ ಬಿದ್ರೆ ಎಂಜಿನ್ ತಾನೇ ನಿಂತೋಗ್ಲಿ ಅಂತ. ಆ ದಾರ ಹಾಗೇ ಪಕ್ಕದಲ್ಲಿ ನೇತಾಡ್ತಿದ್ರೆ ಅಲ್ಲಿ ಉಳಿದ ನಿಯಮಗಳೂ ಹಾಗೇ ನೇತಾಡ್ತಿರ್ತವೆ ಅಂತ ನಾನಂತೂ ತಿಳ್ಕೋತೀನಿ. ಕೋಚ್ ದಡದಲ್ಲೇ ಮೆಗಾಫೋನ್ ಹಿಡ್ಕೊಂಡು ಕೂಗ್ತಾ ಮಕ್ಕಳು ದೂರ ಹೋಗ್ತಿದ್ರೆ ವಾಪಸ್ ಬನ್ನಿ.

ಇನ್ನೆರಡು ಚಿಕ್ಕ ವಿಷಯ, ಯಾರೂ ಹೇಳಲ್ಲ. ಬೋಟಿನ ಚೂಪು ತುದೀಲಿ ಒಂದು ಬಿಳಿ ರಬ್ಬರ್ ಚೆಂಡು ಇರತ್ತೆ, ಕಡಿಮೆ ಅಂದ್ರೂ 4 ಸೆಂಟಿಮೀಟರ್ ದಪ್ಪದ್ದು, ಢಿಕ್ಕಿ ಆದ್ರೆ ಆ ತುದಿ ಯಾರ ಮೈಗೂ ಚುಚ್ಚದೆ ಇರ್ಲಿ ಅಂತ. ಅದು ಇದೆಯಾ ನೋಡಿ. ಇನ್ನೊಂದು ಬೋಟ್ ಒಳಗಿನ ಶೂ. ರೋಯಿಂಗ್ ಬೋಟಲ್ಲಿ ಶೂ ಬೋಟಿಗೇ ಫಿಕ್ಸ್ ಆಗಿರತ್ತೆ, ಮಗು ಅದ್ರೊಳಗೆ ಕಾಲು ಹಾಕಿ ಕೂರೋದು. ಹಿಮ್ಮಡಿ ಹತ್ರ ಒಂದು ಗಟ್ಟಿ ದಾರ ಕೆಳಗೆ ಕಟ್ಟಿರ್ತಾರೆ, ಬೋಟ್ ಮಗುಚಿದಾಗ ಕಾಲು ಎಳೆದ್ರೆ ಶೂ ಅದರ ಜೊತೆ ಮೇಲೆ ಬರದೆ ಕಾಲು ಮಾತ್ರ ಹೊರಗೆ ಬರ್ಬೇಕು, ಅದಕ್ಕೆ ಆ ದಾರ. ನೀವೇ ಬಗ್ಗಿ ಶೂ ಹಿಮ್ಮಡಿ ಎತ್ತಿ ನೋಡಿ, ಸ್ವಲ್ಪ ಮೇಲೆದ್ದು ಗಕ್ಕನೆ ನಿಲ್ಬೇಕು. ದಾರ ಕಿತ್ತೋಗಿದ್ರೆ, ಇಲ್ಲಾ ಉದ್ದ ಬಿಟ್ಟು ಸಡಿಲ ಆಗಿದ್ರೆ, ಅದನ್ನ ಹೇಳಿ. ಹೇಳಿದಾಗ ಕೋಚ್ ಮುಖ ಹೇಗಾಗತ್ತೆ ಅನ್ನೋದ್ರಲ್ಲೇ ನಿಮಗೆ ಅರ್ಧ ಉತ್ತರ ಸಿಗತ್ತೆ. ಒಳ್ಳೆಯವ್ರು ತಕ್ಷಣ ದಾರ ಹುಡುಕ್ತಾರೆ, ಇನ್ನು ಕೆಲವ್ರು ನಿಮಗೇನ್ ಗೊತ್ತು ಅನ್ನೋ ಥರ ನಗ್ತಾರೆ.

ಮೊದಲ ದಿನ ಏನ್ ಮಾಡಿಸ್ತಾರೆ ಅಂತಾನೂ ಕೇಳಿ. ಮೊದಲ ದಿನವೇ ಒಬ್ರೇ ಕೂರೋ ತೆಳು ರೇಸಿಂಗ್ ಸಿಂಗಲ್ಲಲ್ಲಿ ಕೂರಿಸ್ತೀವಿ ಅನ್ನೋರು ಮಗಳನ್ನ ನೀರಿಗೆ ಬೀಳ್ಸೋರು, ಅದರ ಅಗಲ ನೀರಿನ ಮಟ್ಟದಲ್ಲಿ ಹೆಚ್ಚುಕಮ್ಮಿ 30 ಸೆಂಟಿಮೀಟರ್ ಅಷ್ಟೇ, ಉದ್ದ ಮಾತ್ರ 8 ಮೀಟರ್. ಹೊಸಬರಿಗೆ ಅಗಲದ ಕಲಿಕೆ ಬೋಟ್ ಬೇರೆ ಇರತ್ತೆ, ಇಲ್ಲಾಂದ್ರೆ ನಾಲ್ಕು ಜನರ ಕ್ವಾಡಲ್ಲಿ ಇಬ್ರು ಹುಟ್ಟು ಹಾಕ್ತಿದ್ರೆ ಉಳಿದಿಬ್ರು ಹುಟ್ಟನ್ನ ನೀರಿನ ಮೇಲೆ ಚಪ್ಪಟೆ ಇಟ್ಟು ಬ್ಯಾಲೆನ್ಸ್ ಹಿಡೀತಾರೆ. ನಾನು ನೋಡಿದ ಅತಿ ಒಳ್ಳೆ ಮೊದಲ ಪಾಠದಲ್ಲಿ ಬೋಟ್ ದಡ ಬಿಟ್ಟು ಹೋಗ್ಲೇ ಇಲ್ಲ. ತೇಲೋ ಕಟ್ಟೆ ಹತ್ರಾನೇ ಹಗ್ಗ ಕಟ್ಟಿ ನಿಲ್ಲಿಸಿ ಆ ಕೋಚಮ್ಮ ಪ್ರತಿ ಮಗು ಕೈಲೂ ಎರಡೂ ಹುಟ್ಟಿನ ಹಿಡಿ ಕೊಟ್ಟು "ಈಗ ಬಲಗೈ ಸ್ವಲ್ಪ ಎತ್ತು" ಅಂದ್ರು, ಬೋಟ್ ಒಂದ್ಕಡೆ ವಾಲ್ತು, ಮಗು ಕಿರುಚ್ತು, "ಈಗ ಸಮ ಮಾಡು" ಅಂದ್ರು, ಬೋಟ್ ನೆಟ್ಟಗಾಯ್ತು. ಬೋಟ್ ಅಲ್ಲಾಡೋದು ನೀರಿಂದಲ್ಲ ನಮ್ಮ ಕೈಯಿಂದ ಅಂತ ಹತ್ತು ನಿಮಿಷದಲ್ಲಿ ಆ ಮಕ್ಕಳಿಗೆ ಅರ್ಥ ಆಗೋಯ್ತು, ಆಮೇಲೆ ಹೆದರಿಕೆ ಎಲ್ಲಿಂದ ಬರತ್ತೆ?

ಮತ್ತೆ ಒಂದು, ಇದು ಬೋಟಿಗೆ ಸಂಬಂಧ ಇಲ್ಲ ಆದ್ರೂ ಹೆಣ್ಮಗು ಗಂಡ್ಮಗು ಯಾರಾದ್ರೂ ಸರಿ ಕೇಳ್ಲೇಬೇಕು. ಪ್ರಾಕ್ಟೀಸ್ ಹೊತ್ತಲ್ಲಿ ಕನಿಷ್ಠ ಇಬ್ಬರು ದೊಡ್ಡವ್ರು ಇರ್ತಾರಾ, ಬಟ್ಟೆ ಬದಲಾಯಿಸೋ ರೂಮ್ ಬೇರೆ ಇದೆಯಾ, ಕೋಚ್ ಮಕ್ಕಳಿಗೆ ಒಂಟಿಯಾಗಿ ಮೆಸೇಜ್ ಮಾಡ್ತಾರಾ ಅಥವಾ ಅಪ್ಪ ಅಮ್ಮ ಇರೋ ಗ್ರೂಪಲ್ಲಾ, ನಾವು ಯಾವಾಗ ಬೇಕಾದ್ರೂ ಬಂದು ನೋಡ್ಬಹುದಾ. ಈ ಪ್ರಶ್ನೆಗೆ ಮುಖ ಗಂಟು ಹಾಕ್ಕೊಂಡ್ರೆ ಅಲ್ಲಿ ಬೋಟ್ ಚಿನ್ನದ್ದಾದ್ರೂ ಬೇಡ.

ಒಂದು ವರ್ಷದ್ದು ಒಟ್ಟಿಗೆ ಕಟ್ಬೇಡಿ, ಆರೆಂಟು ಕ್ಲಾಸಿನ ಚಿಕ್ಕ ಕೋರ್ಸ್ ಮೊದ್ಲು. ಟಿವಿಲಿ ನೋಡಿದ ಆಟ ಬೇರೆ, ಬೆಳಗ್ಗೆ ಐದೂವರೆಗೆ ಎದ್ದು ಒದ್ದೆ ಕಾಲ್ಚೀಲ ಹಿಂಡೋ ಆಟ ಬೇರೆ, ಮಗಳಿಗೆ ಎರಡೂ ಇಷ್ಟ ಆದ್ರೆ ಆಮೇಲೆ ಮುಂದೆ ನೋಡ್ಕೊಳ್ಳಿ.

ಪ್ರಶ್ನೆ: ಮಗನಿಗೆ 13, ಈಜು ಅಷ್ಟಕ್ಕಷ್ಟೇ. ಲೈಫ್ ಜಾಕೆಟ್ ಹಾಕ್ಕೊಂಡ್ರೆ ನಡಿಯತ್ತಲ್ವಾ ಸರ್? ಕ್ಲಬ್‌ನವರು ಈಜು ಬರಲ್ಲ ಅಂದ್ರೂ ಪರವಾಗಿಲ್ಲ ಅಂತ ಹೇಳ್ತಿದಾರೆ, ನನಗೆ ಸ್ವಲ್ಪ ಅನುಮಾನ.

ಉತ್ತರ: ನಿಮ್ಮ ಅನುಮಾನಾನೇ ಸರಿ. ಹುಟ್ಟು ಹಾಕೋರು ಸಾಮಾನ್ಯವಾಗಿ ಮೈಮೇಲೆ ಲೈಫ್ ಜಾಕೆಟ್ ಹಾಕ್ಕೊಳ್ಳಲ್ಲ, ದಪ್ಪ ಜಾಕೆಟ್ ಇದ್ರೆ ಹಿಡಿ ಹೊಟ್ಟೆ ಹತ್ರ ಬಂದಾಗ ಸಿಕ್ಕಾಕ್ಕೊಳತ್ತೆ. ಅದಕ್ಕೇ ಈ ಆಟದಲ್ಲಿ ಈಜು ಮೊದಲ ಮೆಟ್ಟಿಲು. ಒಳ್ಳೆ ಕ್ಲಬ್ ಸೇರಿಸ್ಕೊಳ್ಳೋ ಮುಂಚೆ ತಾವೇ ಟೆಸ್ಟ್ ಮಾಡ್ತಾರೆ, ತೆಳು ಬಟ್ಟೇಲೇ ಈಜಿಸ್ತಾರೆ, ನಿಂತಲ್ಲೇ ತೇಲೋಕೆ ಹೇಳ್ತಾರೆ, ಆಮೇಲೆ ಕೊಳದಲ್ಲೋ ಆಳ ಇಲ್ಲದ ಶಾಂತ ನೀರಲ್ಲೋ ಬೋಟನ್ನ ಬೇಕೂಂತಾನೇ ಮಗುಚಿ ಹೊರಗೆ ಬರೋದು ಕಲಿಸ್ತಾರೆ. ಕ್ಯಾಪ್ಸೈಸ್ ಡ್ರಿಲ್ ಅಂತ ಅದಕ್ಕೆ. ಮಕ್ಕಳಿಗೆ ಅದು ಹಬ್ಬ, ಹತ್ತು ಸಲ ಬಿದ್ರೂ ಇನ್ನೊಂದ್ಸಲ ಅಂತಾರೆ. ಈಜು ಬರದಿದ್ರೂ ಪರವಾಗಿಲ್ಲ ಅನ್ನೋರಿಗೆ ಅಡ್ಮಿಷನ್ ಬೇಕಾಗಿದೆ ಸರ್, ನಿಮ್ಮ ಮಗ ಅಲ್ಲ.

ಮೂರ್ನಾಲ್ಕು ತಿಂಗಳು ಈಜಿಗೆ ಹಾಕಿ, ರೋಯಿಂಗ್ ಎಲ್ಲೂ ಓಡಿಹೋಗಲ್ಲ. ಅಷ್ಟರಲ್ಲಿ ಇದನ್ನ ಮಗನ ತಲೇಲಿ ಕೂರಿಸಿ: ಬೋಟ್ ಮಗುಚಿದ್ರೆ ಬೋಟ್ ಬಿಟ್ಟು ದಡದ ಕಡೆ ಈಜ್ಬಾರ್ದು. ದಡ ಹತ್ರ ಕಾಣತ್ತೆ, ಹತ್ರ ಇರಲ್ಲ. ಬೋಟ್ ತೇಲತ್ತೆ, ಅದನ್ನೇ ತಬ್ಕೊಂಡು, ಆದಷ್ಟು ಮೈನ ಅದರ ಮೇಲೆ ಎಳ್ಕೊಂಡು ಲಾಂಚಿಗೆ ಕಾಯ್ಬೇಕು. ತಣ್ಣೀರಾದ್ರೆ ಇನ್ನೂ ಮುಖ್ಯ, ಗಾಳಿಗಿಂತ ನೀರು ಮೈ ಬಿಸಿನ ಸುಮಾರು 25 ಪಟ್ಟು ಬೇಗ ಎಳ್ಕೊಳತ್ತೆ. ತುಂಬಾ ತಣ್ಣಗಿರೋ ನೀರಿನ ಲೆಕ್ಕ 1, 10, 1 ಅಂತ ಹೇಳಿಕೊಡ್ತಾರೆ. ಮೊದಲ 1 ನಿಮಿಷ ಏದುಸಿರು ಹತೋಟಿಗೆ ತಗೊಳ್ಳೋಕೆ, 10 ನಿಮಿಷ ಕೈಕಾಲು ಮಾತು ಕೇಳತ್ತೆ, ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಅಂದ್ರೆ ಆ ಹತ್ತು ನಿಮಿಷದಲ್ಲೇ ಬೋಟ್ ಮೇಲೆ ಹತ್ಕೋಬೇಕು. ಗುಡುಗಿನ ನಿಯಮಾನೂ ಕ್ಲಬ್ಬಲ್ಲಿ ಕೇಳಿ, ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿಸಿದ್ರೆ ನೀರಿಂದ ಆಚೆ, ಕೊನೇ ಗುಡುಗಾಗಿ 30 ನಿಮಿಷ ಆಗೋವರೆಗೂ ವಾಪಸ್ ಇಳಿಯಂಗಿಲ್ಲ. ಇದು ಅವರ ಬಾಯಿಂದ ತಡವರಿಸದೆ ಬರ್ಬೇಕು.

ಪ್ರಶ್ನೆ: ಅಣ್ಣಾ ನನಗೆ 17. ಫ್ರೆಂಡ್ಸ್ ಎಲ್ಲ ಈಗ ಶುರು ಮಾಡಿದ್ರೆ ಲೇಟ್ ಆಯ್ತು, ಚಿಕ್ಕ ವಯಸ್ಸಿಂದ ಕಲೀಬೇಕಿತ್ತು ಅಂತಾರೆ. ನಿಜಾನಾ?

ಉತ್ತರ: ಸುಳ್ಳು ಕಣೋ. ಜಿಮ್ನಾಸ್ಟಿಕ್ಸ್ ಆಗಿದ್ರೆ ನಿನ್ ಫ್ರೆಂಡ್ಸ್ ಮಾತಿಗೆ ಬೆಲೆ ಇತ್ತು. ಬ್ರಿಟನ್ನಿನ ಹೆಲೆನ್ ಗ್ಲೋವರ್ ರೋಯಿಂಗ್ ಶುರು ಮಾಡಿದ್ದು 2008ರಲ್ಲಿ, ಆಗ್ಲೇ ಇಪ್ಪತ್ತು ದಾಟಿತ್ತು ಆಕೆಗೆ, ಬೇರೆ ಬೇರೆ ಆಟ ಆಡ್ಕೊಂಡಿದ್ದವ್ರನ್ನ ಆರಿಸೋ ಒಂದು ಸ್ಕೀಮಲ್ಲಿ ಒಳಗೆ ಬಂದೋರು. 2012 ಲಂಡನ್ ಒಲಿಂಪಿಕ್ಸಲ್ಲಿ ಇಬ್ಬರ ಬೋಟಲ್ಲಿ ಚಿನ್ನ. ನಾಲ್ಕೇ ವರ್ಷ. ಎಲ್ರಿಗೂ ಹಾಗಾಗತ್ತೆ ಅಂತಲ್ಲ, ಆದ್ರೆ ಬಾಗಿಲು ಮುಚ್ಚಿಲ್ಲ ಅಂತ ಗೊತ್ತಾಯ್ತಲ್ಲ. ಒಂದು ಲೆಕ್ಕ ಮಾತ್ರ ನೆನಪಿಟ್ಕೋ, ಅಂತಾರಾಷ್ಟ್ರೀಯ ನಿಯಮದಲ್ಲಿ 18 ತುಂಬೋ ವರ್ಷದ ಡಿಸೆಂಬರ್ 31ರವರೆಗೂ ಜೂನಿಯರ್. ಅದಾದ್ಮೇಲೆ ನೀನು ದೊಡ್ಡವ್ರ ಜೊತೆ. ಜೂನಿಯರ್ ಕೋರ್ಸ್ ಸೇರೋ ಹಾಗಿದ್ರೆ ಆ ತಾರೀಖಿಗೆ ಇನ್ನೆಷ್ಟು ತಿಂಗಳಿದೆ ನೋಡ್ಕೊಂಡು ಸೇರು, ಕೆಲವು ಕಡೆ ನಿನ್ನ ವಯಸ್ಸಿನೋರನ್ನ ನೇರ ದೊಡ್ಡವ್ರ ನಾವಿಸ್ ಬ್ಯಾಚಿಗೇ ಹಾಕ್ತಾರೆ, ಅದೂ ಒಳ್ಳೇದೇ.

ಪ್ರಶ್ನೆ: ಒಂದು ತಿಂಗಳಾಯ್ತು, ಮಗಳನ್ನ ಬರೀ ಮೆಷಿನ್ ಮೇಲೇ ಕೂರಿಸ್ತಿದಾರೆ. ನೀರಿಗೆ ಇಳಿಸಿದ್ದು ಒಂದೇ ಸಲ. ಇದಕ್ಕೆ ಜಿಮ್ಮೇ ಸಾಕಿತ್ತಲ್ಲ? ಬೇರೆ ಕಡೆ ಸೇರಿಸ್ಲಾ?

ಉತ್ತರ: ಸ್ವಲ್ಪ ತಾಳಿ, ಆದ್ರೆ ಜಾಸ್ತಿ ತಾಳ್ಬೇಡಿ. ನೆಲದ ಮೇಲೇ ಹುಟ್ಟು ಎಳೆಯೋ ಅಭ್ಯಾಸ ಮಾಡಿಸೋ ಆ ಮೆಷಿನ್ನಿಗೆ ಅರ್ಗೋಮೀಟರ್ ಅಂತಾರೆ, ಬಾಯಿಮಾತಲ್ಲಿ ಅರ್ಗ್. ಅದ್ರಲ್ಲಿ ಪ್ರಸಿದ್ಧವಾಗಿರೋ ಕಾನ್ಸೆಪ್ಟ್2 ಕಂಪನಿ ಮಾಡಿದ್ದೂ ಹುಟ್ಟು ತಯಾರಿಸ್ತಿದ್ದ ಅಣ್ತಮ್ಮಂದಿರೇ, 1981ರಲ್ಲಿ ಬಂದ ಅವರ ಮೊದಲ ಮೆಷಿನ್ನಲ್ಲಿ ತಿರುಗ್ತಿದ್ದಿದ್ದು ಸೈಕಲ್ ಚಕ್ರ. ಹೊಸಬರಿಗೆ ಮೊದಲ ಕೆಲವು ಕ್ಲಾಸ್ ಅದ್ರ ಮೇಲೆ ಕಲಿಸೋದು ಸರೀನೇ, ಯಾಕಂದ್ರೆ ಸ್ಟ್ರೋಕಿನ, ಅಂದ್ರೆ ಒಂದ್ಸಲ ಹುಟ್ಟು ಎಳೆದು ವಾಪಸ್ ಬರೋದರ ಕ್ರಮ ಅಲ್ಲೇ ಕೂರ್ಬೇಕು. ಎಳೆಯೋವಾಗ ಮೊದ್ಲು ಕಾಲು, ಆಮೇಲೆ ಬೆನ್ನು, ಕೊನೇಗೆ ಕೈ. ವಾಪಸ್ ಬರೋವಾಗ ತಿರುಗುಮುರುಗು, ಕೈ, ಬೆನ್ನು, ಕಾಲು. ನೋಡೋರಿಗೆ ಕೈ ಆಟ ಅನ್ಸತ್ತೆ, ನಿಜದಲ್ಲಿ ಇದು ಕಾಲಿನ ಆಟ. ನೀರಲ್ಲಿ ಬೋಟ್ ಅಲ್ಲಾಡ್ತಿರೋವಾಗ ಇದನ್ನೆಲ್ಲ ಕಲಿಸೋಕಾಗಲ್ಲ.

ಆದ್ರೆ ಮೆಷಿನ್ ಮೇಲೆ ಏನ್ ಮಾಡಿಸ್ತಿದಾರೆ ಅನ್ನೋದು ನೋಡಿ. ಕೋಚ್ ಪಕ್ಕದಲ್ಲಿ ನಿಂತು "ಮೊಣಕಾಲು ಬೇಗ ಮಡಚ್ಬೇಡ, ಕೈ ಮೊದ್ಲು ಹೋಗ್ಲಿ, ನಿಧಾನಕ್ಕೆ ಬಾ" ಅಂತಿದ್ರೆ, ನಿಮಿಷಕ್ಕೆ 18-20 ಸ್ಟ್ರೋಕ್ ಅಷ್ಟೇ ಹಾಕಿಸ್ತಿದ್ರೆ, ಅದು ಪಾಠ. "20 ನಿಮಿಷ ಎಳೀರಿ" ಅಂತ ಹೇಳಿ ಅವರು ಚಾ ಕುಡಿಯೋಕೆ ಹೋದ್ರೆ ಅದು ಟೈಂಪಾಸ್. ಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಒಂದು ಚಿಕ್ಕ ಲಿವರ್ ಇರತ್ತೆ, ಮಗಳ ಮೆಷಿನ್ನಲ್ಲಿ ಅದು ಎಷ್ಟರಲ್ಲಿದೆ ಕೇಳಿ. 10ರಲ್ಲಿ ಇಟ್ರೆ ಜೋರು ವರ್ಕೌಟ್ ಅಂತ ತಿಳ್ಕೊಂಡಿರೋ ಕೋಚ್ ಆಗಿದ್ರೆ ಬೇಡವೇ ಬೇಡ, ಅದು ಗಾಳಿ ಎಷ್ಟು ಒಳಗೆ ಹೋಗತ್ತೆ ಅನ್ನೋದಷ್ಟೇ, ಪ್ರತಿ ಸ್ಟ್ರೋಕ್ ಭಾರ ಆಗಿ ಎಳೆ ಬೆನ್ನಿಗೆ ಪೆಟ್ಟು. ಹೊಸ ಮಕ್ಕಳಿಗೆ 3-4ರ ಆಸುಪಾಸು ಧಾರಾಳ.

ಯಾಕೆ ನೀರಿಗೆ ಇಳಿಸ್ತಿಲ್ಲ ಅಂತ ನೇರ ಕೇಳಿಬಿಡಿ. ಗಾಳಿ ಜೋರು, ಪ್ರವಾಹ ಇದೆ ಅಂದ್ರೆ ಒಳ್ಳೆ ಕಾರಣ, ಅಂಥ ಕೋಚನ್ನ ಬಿಡ್ಬೇಡಿ. ಬೋಟ್ ಸೀನಿಯರ್ಸ್ ತಗೊಂಡೋಗಿದಾರೆ ಅಂದ್ರೆ ಅವರ ಹತ್ರ ಇರೋ ಬೋಟಿಗಿಂತ ಜಾಸ್ತಿ ಮಕ್ಕಳನ್ನ ಸೇರಿಸ್ಕೊಂಡಿದಾರೆ ಅಂತ ಅರ್ಥ. ಇನ್ನೂ ಎರಡು ವಾರ ಹೀಗೇ ಆದ್ರೆ ಬೇರೆ ಕಡೆ ನೋಡಿ.

ಪ್ರಶ್ನೆ: ನಾನು 15 ವರ್ಷದ ಹುಡುಗಿ, ನಮ್ ಕ್ಲಾಸಲ್ಲೇ ಗಿಡ್ಡಿ. ರೋಯಿಂಗ್‌ಗೆ ಎತ್ತರ ಬೇಕು ಅಂತ ಒಬ್ರು ಮುಖದ ಮೇಲೇ ಹೇಳಿದ್ರು. ಆಸೆ ಬಿಟ್ಬಿಡ್ಲಾ?

ಉತ್ತರ: ಯಾಕೆ ಬಿಡ್ತೀಯ ಪುಟ್ಟಿ. ಎತ್ತರ ಇದ್ರೆ ಸ್ಟ್ರೋಕ್ ಉದ್ದ ಬರತ್ತೆ, ಅದು ನಿಜ, ಅದನ್ನ ಮುಚ್ಚಿಡಲ್ಲ. ಆದ್ರೆ ಕಲಿಯೋಕೆ, ಕ್ಲಬ್ ಮಟ್ಟದಲ್ಲಿ ರೇಸ್ ಮಾಡೋಕೆ ಅದು ಅಡ್ಡ ಬರಲ್ಲ, 15ಕ್ಕೆ ಇನ್ನೂ ಬೆಳೀತೀಯ ಕೂಡ. ಮೊದ್ಲು ಹುಟ್ಟು ಹಾಕೋದೇ ಕಲಿ. ಅದರ ಜೊತೆ ಒಂದು ದಿನ ಕಾಕ್ಸ್ ಸೀಟಲ್ಲಿ ಕೂತು ನೋಡು.

ಕಾಕ್ಸ್ ಅಂದ್ರೆ ಎಂಟು ಜನರ ಬೋಟಲ್ಲಿ ಒಂಬತ್ತನೇ ಮನುಷ್ಯ. ಹುಟ್ಟು ಹಾಕೋರೆಲ್ಲ ಹಿಂದಕ್ಕೆ ಮುಖ ಮಾಡಿ ಕೂತಿರ್ತಾರೆ, ಬೋಟ್ ಎಲ್ಲಿಗೆ ಹೋಗ್ತಿದೆ ಅಂತ ಅವ್ರಿಗೆ ಕಾಣ್ಸಲ್ಲ. ಕಾಣೋದು ಕಾಕ್ಸಿಗೆ ಮಾತ್ರ. ಹದಿನೇಳು ಹದಿನೆಂಟು ಮೀಟರ್ ಉದ್ದದ ಬೋಟ್, ಎಂಟು ಗಟ್ಟಿ ಆಳು, ಎಲ್ಲ ನಿನ್ನ ಒಂದು ಮಾತಿಗೆ ನಿಲ್ತಾರೆ, ಒಂದು ಮಾತಿಗೆ ಹೊರಡ್ತಾರೆ. ಹಗುರ ಇದ್ದಷ್ಟೂ ಒಳ್ಳೇದು ಅಂತ ಊಟ ಬಿಡೋ ಹುಚ್ಚು ಮಾತ್ರ ಬೇಡ, ಅದಕ್ಕೇ ಅಂತಾನೇ ಅಂತಾರಾಷ್ಟ್ರೀಯ ರೇಸಲ್ಲಿ ಕಾಕ್ಸಿಗೆ ಕನಿಷ್ಠ ತೂಕ 55 ಕೆಜಿ ಅಂತ ಇಟ್ಟಿದಾರೆ, ಕಮ್ಮಿ ಇದ್ರೆ ಮರಳಿನ ಚೀಲ ಹೊತ್ಕೊಂಡು ಕೂರ್ಬೇಕು. 2017ರಿಂದ ಗಂಡಸರ ಬೋಟಿಗೂ ಹೆಂಗಸರು ಕಾಕ್ಸ್ ಆಗ್ಬಹುದು. ಕಾಕ್ಸ್ ಆದ್ರೆ ಲೈಫ್ ಜಾಕೆಟ್ ಹಾಕ್ಲೇಬೇಕು, ಮತ್ತೆ ಬೋಟಿನ ಮುಂದಿನ ತುದೀಲಿ ಒಳಗೆ ಮಲ್ಕೊಂಡು ಕೂರೋ ಥರದ್ದಾದ್ರೆ ತಾನಾಗೇ ಉಬ್ಬೋ ಜಾಕೆಟ್ ಬೇಡ ಅಂತ ಹೇಳು, ಮಗುಚಿದಾಗ ಅದು ಒಳಗೇ ಉಬ್ಬಿ ನಿನ್ನ ಸಿಕ್ಕಿಸ್ಬಿಡತ್ತೆ.

ನೀನು ಗಿಡ್ಡಿ ಅಂತ ಹೇಳಿ ಮೊದಲ ದಿನದಿಂದಲೇ ಕಾಕ್ಸ್ ಸೀಟಿಗೆ ತಳ್ಳಿ ಹುಟ್ಟೇ ಮುಟ್ಟಿಸದಿದ್ರೆ ಜಗಳ ಆಡು. ಹುಟ್ಟು ಹಿಡಿದ ಕಾಕ್ಸಿಗೆ ಮಾತ್ರ ಬೋಟಲ್ಲಿ ಕೂತೋರ ಸುಸ್ತು ಗೊತ್ತಿರತ್ತೆ.

ಪ್ರಶ್ನೆ: ರೋಯಿಂಗ್ ಅಂತ ಸೇರಿಸಿದ್ವಿ, ಹೋಗಿ ನೋಡಿದ್ರೆ ಮಕ್ಕಳು ಮುಂದಕ್ಕೆ ಮುಖ ಮಾಡಿ ಎರಡು ಕಡೆ ಎಲೆ ಇರೋ ಒಂದೇ ಕೋಲಲ್ಲಿ ನೀರು ತಳ್ತಿದಾರೆ. ಇದೇನಾ ರೋಯಿಂಗ್?

ಉತ್ತರ: ಅಲ್ಲ, ಅದು ಕಯಾಕ್. ರೋಯಿಂಗಲ್ಲಿ ಹುಟ್ಟು ಬೋಟಿಗೆ ಸಿಗಿಸಿರತ್ತೆ, ಸೀಟು ಹಿಂದೆ ಮುಂದೆ ಜಾರತ್ತೆ, ಮುಖ ಹಿಂದಕ್ಕೆ. ಕಯಾಕೂ ಒಳ್ಳೆ ಆಟಾನೇ, ಮಗು ಖುಷಿಯಾಗಿದ್ರೆ ಹಾಗೇ ಬಿಡಿ, ಆದ್ರೆ ಹೆಸರು ಗೊತ್ತಿಲ್ಲದೋರು ಇನ್ನೇನ್ ಗೊತ್ತಿಲ್ಲದೆ ಕಲಿಸ್ತಿದಾರೋ ಅಂತ ಒಂದ್ಸಲ ಯೋಚನೆ ಮಾಡಿ.

ಪ್ರಶ್ನೆ: ಮಗನಿಗೆ 16, ಕಣ್ಣು ತುಂಬಾ ಮಂದ, ಹತ್ತಡಿ ಆಚೆ ಆಕಾರ ಅಷ್ಟೇ ಕಾಣತ್ತೆ. ಅವನ ಕ್ಲಾಸ್‌ಮೇಟ್ ರೋಯಿಂಗ್ ಮಾಡ್ತಾನೆ, ಇವನಿಗೂ ಆಸೆ. ಕೇಳೋದಕ್ಕೇ ಮುಜುಗರ ಆಗಿ ಸುಮ್ನಿದೀವಿ.

ಉತ್ತರ: ಮುಜುಗರ ಯಾಕೆ, ನಾಳೇನೇ ಕೇಳಿ. ಈಗ ತಾನೇ ಹೇಳಿದ್ನಲ್ಲ, ಹುಟ್ಟು ಹಾಕೋರು ಯಾರೂ ಮುಂದೆ ನೋಡ್ತಾ ಇರಲ್ಲ, ನೋಡೋ ಕೆಲಸ ಕಾಕ್ಸಿಂದು. ಮುಂದಿನವನ ಬೆನ್ನು ಅಲ್ಲಾಡೋದು, ಸೀಟು ಜಾರೋ ಸದ್ದು, ಎಂಟು ಹುಟ್ಟು ಒಟ್ಟಿಗೆ ತಿರುಗಿದಾಗ ಬರೋ ಆ ಒಂದೇ 'ಟಕ್' ಶಬ್ದ, ಇದ್ರಲ್ಲೇ ಲಯ ಹಿಡಿಯೋದು. ಕಣ್ಣು ಚೆನ್ನಾಗಿರೋ ಮಕ್ಕಳಿಗೂ ಕಣ್ಮುಚ್ಚಿ ಹುಟ್ಟು ಹಾಕಿಸೋ ಅಭ್ಯಾಸ ಇದೆ ಗೊತ್ತಾ, ಕಿವಿ ಮೈ ಎಚ್ಚರ ಆಗ್ಲಿ ಅಂತ. ಪ್ಯಾರಾಲಿಂಪಿಕ್ಸಿಗೆ ರೋಯಿಂಗ್ ಬಂದಿದ್ದು 2008ರ ಬೀಜಿಂಗಲ್ಲಿ, ಅದ್ರಲ್ಲಿ ಪಿಆರ್3 ಅನ್ನೋ ವರ್ಗದಲ್ಲಿ ದೃಷ್ಟಿ ತೊಂದರೆ ಇರೋರೂ ಬರ್ತಾರೆ, ಗಂಡು ಹೆಣ್ಣು ಸೇರಿ ನಾಲ್ವರು, ಜೊತೆಗೆ ಕಾಕ್ಸ್. ನಿಮ್ಮ ಹುಡುಗನ್ನ ಸಿಂಗಲ್ಲಲ್ಲಿ ಕೂರಿಸೋದು ಬೇಡ, ಕಾಕ್ಸ್ ಇರೋ ಬೋಟ್ ಇದೆಯಾ ಕೇಳಿ. ಮೊದಲ ದಿನ ಬೋಟ್‌ಹೌಸಲ್ಲಿ ಸುಮ್ನೆ ಕೈಯಲ್ಲಿ ಮುಟ್ಟಿ ನೋಡೋಕೆ ಬಿಡಿ ಅನ್ನಿ, ಬೋಟಿನ ಎರಡು ಪಕ್ಕಕ್ಕೂ ಹುಟ್ಟು ಸಿಗಿಸೋ ಗಟ್ಟಿ ಚೌಕಟ್ಟು, ಅಂದ್ರೆ ರಿಗ್ಗರ್‌ಗಳು ಚಾಚ್ಕೊಂಡಿರ್ತವೆ, ಹಣೆಗೆ ತಾಗೋ ಎತ್ತರದಲ್ಲೇ ಸ್ಟ್ಯಾಂಡ್ ಮೇಲೆ ಇಟ್ಟಿರ್ತಾರೆ. ಕಣ್ಣು ಕಾಣೋ ನಾನೇ ಮೂರು ಸಲ ಹೊಡ್ಕೊಂಡಿದೀನಿ.

ಪ್ರಶ್ನೆ: ಮಗಳು ಸೇರಿ ಎರಡು ತಿಂಗಳು. ಕೋಚ್ ಈಗ್ಲೇ ವಾರಕ್ಕೆ 6 ದಿನ ಬರ್ಬೇಕು, ಟ್ಯಾಲೆಂಟ್ ಇದೆ, ಬೇರೆ ಆಟ ಎಲ್ಲ ಬಿಡ್ಸಿ ಅಂತಿದಾರೆ. ಅಂಗೈ ತುಂಬಾ ಬೊಬ್ಬೆ, ಹೋದ ವಾರದಿಂದ ಸೊಂಟನೂ ನೋವು ಅಂತಾಳೆ. ಏನ್ ಮಾಡೋದು?

ಉತ್ತರ: ಬೊಬ್ಬೆ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅದು ಈ ಆಟದ ಪ್ರವೇಶ ಶುಲ್ಕ. ಸೋಪಲ್ಲಿ ತೊಳೆದು ಒಣಗಿಸಿ, ಒಡೆದಿದ್ರೆ ಮುಚ್ಚಿ, ಹುಟ್ಟಿನ ಹಿಡೀನೂ ತೊಳೆಯೋಕೆ ಹೇಳಿ. ಹಿಡಿ ಗಟ್ಟಿಯಾಗಿ ಅದುಮಿ ಹಿಡಿಯೋರಿಗೆ ಜಾಸ್ತಿ ಬರತ್ತೆ, ಬೆರಳಲ್ಲಿ ಕೊಕ್ಕೆ ಥರ ಹಿಡ್ಕೊಂಡ್ರೆ ಸಾಕು.

ಸೊಂಟ ನೋವು ಮಾತ್ರ ಬೇರೆ ಕಥೆ. ರೋಯಿಂಗಲ್ಲಿ ಅತಿ ಹೆಚ್ಚು ಬರೋ ಪೆಟ್ಟು ಕೆಳಬೆನ್ನಿಂದೇ, ಬೆಳೆಯೋ ವಯಸ್ಸಲ್ಲಿ ಅದನ್ನ ಕಡೆಗಣಿಸ್ಬಾರ್ದು. ನೋವು ಇರೋವರೆಗೂ ಬೋಟೂ ಬೇಡ ಅರ್ಗೂ ಬೇಡ, ಡಾಕ್ಟರಿಗೆ ತೋರಿಸಿ, ಕಾಲಿಗೆ ಜುಮ್ಮು ಇಳಿಯೋದು ಅಥವಾ ರಾತ್ರಿ ನೋವು ಇದ್ರೆ ಇವತ್ತೇ ಹೋಗಿ. ಮತ್ತೆ ಅವಳನ್ನ ಯಾವ ಹುಟ್ಟಲ್ಲಿ ಕೂರಿಸ್ತಿದಾರೆ ವಿಚಾರಿಸಿ. ಎರಡು ಕೈಗೆ ಎರಡು ಹುಟ್ಟು ಇದ್ರೆ ಸ್ಕಲ್ಲಿಂಗ್, ಒಬ್ಬರಿಗೆ ಒಂದೇ ಉದ್ದ ಹುಟ್ಟಾದ್ರೆ ಸ್ವೀಪ್. ಸ್ವೀಪಲ್ಲಿ ಪ್ರತಿ ಸ್ಟ್ರೋಕಿಗೂ ಮೈ ಒಂದೇ ಕಡೆ ತಿರುಗತ್ತೆ, ಚಿಕ್ಕ ಮಕ್ಕಳಿಗೆ ಸ್ಕಲ್ಲಿಂಗ್ ಮೊದ್ಲು ಕಲಿಸೋದು ಅದಕ್ಕೇ, ಎರಡೂ ಕಡೆ ಸಮ ಕೆಲಸ ಆಗ್ಲಿ ಅಂತ.

ಎರಡೇ ತಿಂಗಳಿಗೆ 6 ದಿನ ಅನ್ನೋದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಎರಡು ಮೂರು ದಿನ ಬೇಕಾದಷ್ಟಾಯ್ತು, ಉಳಿದ ದಿನ ಓಡ್ಲಿ, ಈಜ್ಲಿ, ಬೇರೆ ಆಟ ಆಡ್ಲಿ, ಸುಮ್ನೆ ಮಲಗ್ಲಿ. ಟ್ಯಾಲೆಂಟ್ ಇದೆ ಅನ್ನೋ ಕೋಚ್ ಟ್ಯಾಲೆಂಟನ್ನ ಉಳಿಸೋ ಹಾಗೆ ನಡ್ಕೋಬೇಕಲ್ವಾ? ನಾನು ಕಲೀತಿದ್ದಾಗ ನಮ್ಮ ಬ್ಯಾಚಲ್ಲಿ ಹೀಗೇ ಒಬ್ಬ ಇದ್ದ, ನಮಗಿಂತ ಎಲ್ಲದ್ರಲ್ಲೂ ಮುಂದೆ, ಮೊದಲ ವರ್ಷಾನೇ ದಿನಕ್ಕೆರಡು ಸಲ ನೀರಿಗೆ ಇಳಿಸ್ತಿದ್ರು. ಎರಡನೇ ವರ್ಷ ಪಕ್ಕೆಲುಬಲ್ಲಿ ಸಣ್ಣ ಬಿರುಕು ಅಂತ ಮನೇಲಿ ಕೂತ, ವಾಸಿ ಆದ್ಮೇಲೂ ಬೋಟ್‌ಹೌಸ್ ಕಡೆ ತಲೆ ಹಾಕ್ಲಿಲ್ಲ. ನಾನಾದ್ರೆ ಅವನಿಗಿಂತ ದಡ್ಡ, ಮೊದಲ ವಾರವೇ ಹುಟ್ಟು ನೀರಲ್ಲಿ ಸಿಕ್ಕಾಕ್ಕೊಂಡು ಹಿಡಿ ಬಂದು ಹೊಟ್ಟೆಗೆ ಗುದ್ದಿ ಅಂಗಾತ ಬಿದ್ದಿದ್ದೆ, ಇದಕ್ಕೆ ಏಡಿ ಹಿಡಿಯೋದು ಅಂತ ತಮಾಷೆ ಮಾಡ್ತಾರೆ. ನಾನು ಇನ್ನೂ ನೀರಲ್ಲಿದೀನಿ.

ಪ್ರಶ್ನೆ: ನಂಗೆ 13. ಮುಂದಿನ ವಾರ ಮೊದಲನೇ ಕ್ಲಾಸ್. ಬೋಟ್ ನಾವೇ ಹೊತ್ಕೊಂಡು ಹೋಗ್ಬೇಕಂತೆ, ನನ್ ಕೈಲಿ ಆಗತ್ತಾ? ಏನ್ ಹಾಕ್ಕೊಂಡು ಹೋಗ್ಲಿ?

ಉತ್ತರ: ಆಗತ್ತೆ ಮರಿ. ರೇಸಿಂಗ್ ಸಿಂಗಲ್ ಬೋಟ್ ಕನಿಷ್ಠ ತೂಕ 14 ಕೆಜಿ ಅಷ್ಟೇ, ಎಂಟು ಜನರದ್ದು 96 ಕೆಜಿ, ಅದನ್ನ ಎಂಟು ಜನಕ್ಕೆ ಹಂಚಿದ್ರೆ ನಿನ್ನ ಪಾಲಿಗೆ 12. ಕಲಿಯೋ ಬೋಟ್ ಇನ್ನೂ ಸ್ವಲ್ಪ ಭಾರ ಇರತ್ತೆ, ಆದ್ರೆ ಆಗ ಜೊತೇಲಿ ದೊಡ್ಡವ್ರೂ ಕೈ ಕೊಡ್ತಾರೆ. ತೂಕಕ್ಕಿಂತ ಕಷ್ಟ ಅಂದ್ರೆ ಎಲ್ರೂ ಒಟ್ಟಿಗೆ ಎತ್ತೋದು, ಒಟ್ಟಿಗೆ ತಿರುಗೋದು, ಅದಕ್ಕೇ ಒಬ್ರು ಹೇಳಿದ ಮೇಲೇ ಎತ್ಬೇಕು, ಮಧ್ಯ ಮೂಗು ಕೆರ್ಕೊಳ್ಳೋಕೆ ಕೈ ಬಿಡಂಗಿಲ್ಲ. ಬಟ್ಟೆ ಮೈಗೆ ಅಂಟಿರೋದು ಹಾಕ್ಕೊ, ಸಡಿಲ ಶಾರ್ಟ್ಸ್, ಜೇಬಿರೋ ಟೀ ಶರ್ಟ್ ಬೇಡ, ಜಾರೋ ಸೀಟಿನ ಚಕ್ರಕ್ಕೆ ಬಟ್ಟೆ ಸಿಕ್ಕತ್ತೆ, ಹಿಡಿ ಜೇಬಿಗೆ ಸಿಕ್ಕತ್ತೆ. ಕಾಲ್ಚೀಲ ಎರಡು ಜೊತೆ, ನೀರಿನ ಬಾಟಲ್, ಟೋಪಿ, ಬದಲಾಯಿಸೋಕೆ ಒಂದು ಜೊತೆ ಬಟ್ಟೆ. ಬೋಟ್ ಹತ್ತೋವಾಗ ಸೀಟಿನ ಮುಂದೆ ಕಾಲಿಡೋಕೆ ಅಂತ ಒಂದು ಅಂಗೈ ಅಗಲದ ಪಟ್ಟಿ ಇರತ್ತೆ, ಅಲ್ಲಿ ಮಾತ್ರ ಕಾಲಿಡು. ಪಕ್ಕದಲ್ಲಿ ಕಾಣೋ ತಳ ತೆಳು, ಅದ್ರ ಮೇಲೆ ನಿಂತ್ರೆ ಕಾಲು ಸೀದಾ ಕೆಳಗೆ ಹೋಗಿ ನೀರು ಮುಟ್ಟತ್ತೆ.